ಗೇಟಿನಾಚೆಯ ಆರು ಅಡಿ

ನಿವಾಸಿ: ಮನೆಯ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸುವ ಹಕ್ಕು ಯಾರದು? ಬೆಂಗಳೂರಿನ ಬಡಾವಣೆಗಳಲ್ಲಿ ಹೆಚ್ಚಿನವರ ಉತ್ತರ ಒಂದೇ: ಯಾರ ಗೇಟಿನ ಮುಂದಿದೆಯೋ ಅವರದು. ಅದಕ್ಕೇ ಕಾಂಪೌಂಡಿನ ಹೊರಗೆ ಹೂಕುಂಡ, ಸಿಮೆಂಟು ತುಂಬಿದ ಡಬ್ಬ, ಹಳೇ ಟೈರು, ಸೈಜುಗಲ್ಲು. ಗೇಟಿಗೆ ತಂತಿಯಲ್ಲಿ ಕಟ್ಟಿದ ‘ನೋ ಪಾರ್ಕಿಂಗ್’ ಫಲಕ.

ಎಂಜಿನಿಯರ್: ಕಾನೂನಿನ ಉತ್ತರ ಬೇರೆ. ಸಾರ್ವಜನಿಕ ರಸ್ತೆ, ಅದರ ಚರಂಡಿ ಮತ್ತು ಫುಟ್‌ಪಾತ್ ಸಮೇತ, ನಗರಪಾಲಿಕೆಯ ವಶದಲ್ಲಿರುವ ಸ್ವತ್ತು. ಸೈಟಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವಾಗ ಒಂದು ದಿಕ್ಕಿಗೆ ‘ರಸ್ತೆ’ ಎಂದಿರುತ್ತದೆ. ಆ ಪದ ಬಂದಲ್ಲಿಗೆ ಮಾಲೀಕರ ಜಾಗ ಮುಗಿಯಿತು. ಗೇಟಿಗೆ ಅಡ್ಡವಾಗಿ ಬೇರೆಯವರು ವಾಹನ ನಿಲ್ಲಿಸಬಾರದು, ಅದು ನಿಜ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಅದನ್ನು ನಿಷೇಧಿಸುತ್ತವೆ. ಆದರೆ ಆ ರಕ್ಷಣೆ ಇರುವುದು ಮನೆಯವರು ಒಳಗೆ ಹೊರಗೆ ಓಡಾಡಲಿ ಎಂದು. ಗೇಟಿನ ಪಕ್ಕದ ಉಳಿದ ಜಾಗವನ್ನು ತಮ್ಮದೇ ಕಾರಿಗೆ ಕಾದಿರಿಸಿಕೊಳ್ಳುವ ಅಧಿಕಾರ ಅದರಿಂದ ಹುಟ್ಟುವುದಿಲ್ಲ. ಮನೆಯವರು ತಾವೇ ಬರೆಸಿ ಹಾಕಿದ ಫಲಕಕ್ಕೂ ಕಾನೂನಿನ ಬಲವಿಲ್ಲ.

ನಿವಾಸಿ: ತೆರಿಗೆ ಕಟ್ಟಿದವರಿಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ, ಸಾರ್. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ರೂಪಾಯಿಯೊಳಗಿನ ಕಾರಿಗೆ ಬೆಲೆಯ ಶೇ 17ರಷ್ಟು ಜೀವಿತಾವಧಿ ತೆರಿಗೆ, ಮೇಲೆ ಸೆಸ್ಸು. ಹನ್ನೆರಡು ಲಕ್ಷದ ಕಾರೆಂದರೆ ಎರಡು ಲಕ್ಷಕ್ಕೂ ಮಿಕ್ಕಿ. ಅಷ್ಟು ಕೊಟ್ಟ ಮೇಲೂ ರಸ್ತೆಯಲ್ಲಿ ನಿಲ್ಲಿಸಲು ಬೇರೆ ದುಡ್ಡು ಕೇಳಿದರೆ ಸಿಟ್ಟು ಬರುವುದು ಸಹಜವಲ್ಲವೆ?

ಎಂಜಿನಿಯರ್: ಸಹಜ. ಆದರೆ ಆ ಎರಡು ಲಕ್ಷ ಹೋಗುವುದು ಸಾರಿಗೆ ಇಲಾಖೆಯ ಮೂಲಕ ರಾಜ್ಯದ ಬೊಕ್ಕಸಕ್ಕೆ. ಬೀದಿಯನ್ನು ಗುಡಿಸುವ, ಡಾಂಬರು ಹಾಕುವ, ಚರಂಡಿ ಎತ್ತುವ ಪಾಲಿಕೆಗೆ ಅದು ನೇರವಾಗಿ ಬರುವುದಿಲ್ಲ. ಪಾಲಿಕೆ ನೆಚ್ಚಿಕೊಂಡಿರುವುದು ಆಸ್ತಿ ತೆರಿಗೆಯನ್ನು. ಆ ತೆರಿಗೆಯಲ್ಲಿ ಒಂದು ಅನ್ಯಾಯ ಅಡಗಿದೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಮನೆ ಕಟ್ಟುವಾಗ ಕೆಳಗೆ ಸ್ಟಿಲ್ಟ್ ಬಿಟ್ಟು ಕಾರಿಗೆ ಜಾಗ ಮಾಡಿಕೊಂಡವರ ಆ ಜಾಗವೂ ಆಸ್ತಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅದೇ ಜಾಗವನ್ನು ಗೋಡೆ ಎಬ್ಬಿಸಿ ಅಂಗಡಿಯನ್ನೋ ಬಾಡಿಗೆ ಕೋಣೆಯನ್ನೋ ಮಾಡಿ, ಕಾರನ್ನು ರಸ್ತೆಗೆ ತಳ್ಳಿದವರಿಗೆ ಬಾಡಿಗೆಯ ಆದಾಯವೂ ಉಂಟು, ಕಾರಿಗೆ ಪುಕ್ಕಟೆ ಜಾಗವೂ ಉಂಟು. ನಿಯಮ ಪಾಲಿಸಿದವರು ಹಣ ಕಟ್ಟಬೇಕು, ಮುರಿದವರಿಗೆ ಲಾಭ. ಬೀದಿಯ ಜಾಗಕ್ಕೆ ಬೆಲೆಯಿಲ್ಲದಿದ್ದರೆ ಹೀಗೇ ಆಗುವುದು.

ನಿವಾಸಿ: ಒಂದು ಕಾರು ಹಿಡಿಯುವ ಜಾಗವೆಂದರೆ ಎಷ್ಟು?

ಎಂಜಿನಿಯರ್: ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಚದರಡಿಯಲ್ಲಿ ಹೇಳುವುದಾದರೆ ಸುಮಾರು 135. ಮೂವತ್ತು-ನಲವತ್ತರ ಸೈಟು 1,200 ಚದರಡಿ. ಅಂದರೆ ಒಂದು ಕಾರು ಒಂದು ಸೈಟಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ನೆಲವನ್ನು ಹಗಲೂ ರಾತ್ರಿ ಹಿಡಿದುಕೊಂಡಿರುತ್ತದೆ. ಈಗ ಒಂದು ಅಡ್ಡರಸ್ತೆಯನ್ನು ಊಹಿಸಿಕೊಳ್ಳಿ. ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಸೈಟು, ಪ್ರತಿ ಸೈಟಿನ ಮುಖ ಮೂವತ್ತಡಿ. ಗೇಟಿನ ದಾರಿ ಬಿಟ್ಟರೆ ಪ್ರತಿ ಮನೆಯ ಮುಂದೆ ಒಂದೇ ಕಾರು ಹಿಡಿಸೀತು. ಎರಡೂ ಬದಿ ನಿಲ್ಲಿಸಿದರೆ ನಲವತ್ತು, ಒಂದೇ ಬದಿಯಾದರೆ ಇಪ್ಪತ್ತು. ಪ್ರತಿ ಸೈಟಿನಲ್ಲಿ ಮೂರು ಮಹಡಿ, ಮೂರು ಸಂಸಾರ ಎಂದಿಟ್ಟುಕೊಂಡರೆ ಒಟ್ಟು ನೂರಿಪ್ಪತ್ತು ಸಂಸಾರ. ಮೂರರಲ್ಲಿ ಒಂದು ಸಂಸಾರ ಕಾರು ಕೊಂಡು ಹೊರಗೆ ನಿಲ್ಲಿಸಿದರೂ ರಸ್ತೆ ಎರಡೂ ಬದಿ ಭರ್ತಿ. ಬಂಧುಗಳು ಬಂದರೆ, ಗ್ಯಾಸ್ ಸಿಲಿಂಡರಿನ ಗಾಡಿ ಬಂದರೆ ನಿಲ್ಲಲು ಎಡೆಯಿಲ್ಲ. ನಗರದ ವಾಹನಗಳ ನೋಂದಣಿ ಒಂದು ಕೋಟಿ ದಾಟಿ ಕೆಲವು ವರ್ಷಗಳೇ ಆದವು. ಅಡ್ಡರಸ್ತೆ ಮಾತ್ರ ಬಡಾವಣೆ ಮಾಡಿದಾಗ ಎಷ್ಟಗಲವಿತ್ತೋ ಅಷ್ಟೇ ಇದೆ.

ನಿವಾಸಿ: ಮೂವತ್ತಡಿ ರಸ್ತೆಯಲ್ಲಿ ಎರಡೂ ಬದಿ ನಿಲ್ಲಿಸಿದರೆ ನಡುವೆ ಎಷ್ಟು ಉಳಿಯುತ್ತದೆ?

ಎಂಜಿನಿಯರ್: ಮೂವತ್ತಡಿ ಎಂಬುದು ನಕ್ಷೆಯ ಅಳತೆ. ಎರಡೂ ಬದಿ ಚರಂಡಿಗೆ ನಾಲ್ಕು ನಾಲ್ಕು ಅಡಿ ಕಳೆದರೆ ಇಪ್ಪತ್ತೆರಡು. ಎರಡು ಸಾಲು ಕಾರಿನ ಮೈ ಅಗಲಕ್ಕೇ ಆರಾರು ಅಡಿ. ಉಳಿದದ್ದು ಹತ್ತು. ನಮ್ಮ ರಸ್ತೆಗಳಲ್ಲಿ ದೊಡ್ಡ ವಾಹನ 2.6 ಮೀಟರ್, ಅಂದರೆ ಎಂಟೂವರೆ ಅಡಿ ಅಗಲದವರೆಗೆ ಇರಬಹುದು. ಅಗ್ನಿಶಾಮಕ ವಾಹನ ನೇರ ರಸ್ತೆಯಲ್ಲಿ ಹೇಗೋ ತೂರಿಕೊಂಡು ಹೋದೀತು, ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಹಳೇ ಪೇಟೆಗಳ ಇಪ್ಪತ್ತಡಿ ಓಣಿಯಲ್ಲಂತೂ ಒಂದೇ ಸಾಲು ನಿಂತರೂ ದಾರಿ ಕಷ್ಟ. ಹಾಗಾಗಿ ಇಡೀ ಊರಿಗೆ ಒಂದೇ ನಿಯಮ ಎಂಬುದು ಮೊದಲ ತಪ್ಪು. ಅಗಲ ನೋಡಿ ನಿಯಮ ಮಾಡಬೇಕು: ಇಲ್ಲಿ ಎರಡೂ ಬದಿ, ಇಲ್ಲಿ ಒಂದು ಬದಿ, ಇಲ್ಲಿ ಬೇಡವೇ ಬೇಡ. ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಎಂಬ ಏರ್ಪಾಡು ಕರ್ನಾಟಕದ ಊರುಗಳಿಗೆ ಹೊಸದಲ್ಲ. ಪೇಟೆಬೀದಿಗೆ ಅದು ಸರಿ, ಎರಡೂ ಬದಿಯ ಅಂಗಡಿಗಳಿಗೆ ಸಮಪಾಲು ಸಿಗುತ್ತದೆ. ಮನೆಗಳ ಬೀದಿಗೆ ಒಗ್ಗದು. ಮಧ್ಯರಾತ್ರಿ ಎದ್ದು ಕಾರನ್ನು ಆಚೆ ಬದಿಗೆ ಇಡುವವರು ಯಾರು?

ನಿವಾಸಿ: ಇಷ್ಟೆಲ್ಲ ಲೆಕ್ಕ ಹಾಕಿ ನಿಯಮ ಮಾಡಬೇಕಾದವರು ಯಾರು? ಫಲಕ ನೆಡುವವರು ಟ್ರಾಫಿಕ್ ಪೊಲೀಸರು, ರಸ್ತೆ ಪಾಲಿಕೆಯದು, ನೀತಿ ಬರೆಯುವುದು ಸರ್ಕಾರ.

ಎಂಜಿನಿಯರ್: ಗಂಟು ಇರುವುದೇ ಇಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ ವಾಹನ ಎಲ್ಲಿ ನಿಲ್ಲಬಹುದು ಎಂದು ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ, ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ. ಆಯಾ ಜಾಗದ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಇದನ್ನು ಮಾಡಬೇಕು. ಆಚರಣೆಯಲ್ಲಿ, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಕಮಿಷನರ್, ಉಳಿದ ಕಡೆ ಜಿಲ್ಲಾಧಿಕಾರಿ ಅಧಿಸೂಚನೆ ಹೊರಡಿಸುತ್ತಾರೆ. ಇನ್ನೊಂದು ಕಡೆ, ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿ ಇದೆ. ಅದು 1993ರ ಜೂನ್ 1ರಿಂದ ಜಾರಿಯಲ್ಲಿದೆ. ನಗರಸಂಸ್ಥೆಗಳಿಗೆ ಒಪ್ಪಿಸಬಹುದಾದ ಹದಿನೆಂಟು ವಿಷಯಗಳ ಪಟ್ಟಿಯಲ್ಲಿ ರಸ್ತೆಗಳೂ ಇವೆ. ಬೀದಿದೀಪ, ಬಸ್ ನಿಲ್ದಾಣಗಳ ಜೊತೆಗೆ ವಾಹನ ನಿಲುಗಡೆ ಜಾಗಗಳೂ ಹೆಸರು ಹೇಳಿಯೇ ಇವೆ. ಹೀಗೆ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬ ಅಧಿಸೂಚನೆ ಪೊಲೀಸರ ಕೈಯಲ್ಲಿ, ನಿಲುಗಡೆ ಜಾಗದ ನಿರ್ವಹಣೆ, ಶುಲ್ಕ ಪಾಲಿಕೆಯ ಕೈಯಲ್ಲಿ. ಸುಗಮ ಸಂಚಾರ ನೋಡುವ ಪೊಲೀಸರ ಗಮನ ಸಹಜವಾಗಿ ದೊಡ್ಡ ರಸ್ತೆಗಳ ಕಡೆಗೆ. ಅಡ್ಡರಸ್ತೆಯ ಜಗಳ ಅವರ ಮುಂದೆ ಬರುವುದು ದೂರಾಗಿ ಮಾತ್ರ.

ನಿವಾಸಿ: ಬೆಂಗಳೂರಿನಲ್ಲಿ ನಿವಾಸಿಗಳಿಗೆ ಪರವಾನಗಿ ಎಂದು 2021ರಲ್ಲಿ ಗದ್ದಲವಾಯಿತಲ್ಲ, ಅದು ಏನು?

ಎಂಜಿನಿಯರ್: ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿದ ‘ಪಾರ್ಕಿಂಗ್ ನೀತಿ 2.0’. ಉಚಿತ, ಅಡ್ಡಾದಿಡ್ಡಿ ನಿಲುಗಡೆಯಿಂದ ಶುಲ್ಕ ಕೊಟ್ಟು ಕ್ರಮವಾಗಿ ನಿಲ್ಲಿಸುವ ಪದ್ಧತಿಗೆ ಊರನ್ನು ತರುವುದು ಅದರ ಉದ್ದೇಶ. ಪ್ರದೇಶವಾರು ನಿಲುಗಡೆ ಯೋಜನೆ ತಯಾರಿಸಬೇಕು, ವಸತಿ ಬೀದಿಗಳಲ್ಲಿ ವಾರ್ಷಿಕ ಪರವಾನಗಿ ಕೊಡಬೇಕು ಎಂದಿತ್ತು. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ಬೆಲೆಯನ್ನಷ್ಟೇ ನೋಡಿದರೆ ಇದು ಹೊರೆಯಲ್ಲ. ಸಾವಿರವೆಂದರೆ ದಿನಕ್ಕೆ ಮೂರು ರೂಪಾಯಿಗೂ ಕಡಿಮೆ, ಐದು ಸಾವಿರವೆಂದರೆ ಹದಿನಾಲ್ಕು ರೂಪಾಯಿಯೊಳಗೆ. 135 ಚದರಡಿಗೆ ಬೆಂಗಳೂರಿನಲ್ಲಿ ಇಷ್ಟು ಅಗ್ಗದ ಬಾಡಿಗೆ ಬೇರೆಲ್ಲೂ ಸಿಗದು. ಆದರೂ ‘ಸ್ವಂತ ಮನೆಯ ಮುಂದೆ ನಿಲ್ಲಿಸಲೂ ದುಡ್ಡೇ’ ಎಂಬ ಕೂಗೆದ್ದಿತು. ವಾರ್ಷಿಕ ಪರವಾನಗಿ ಅಡ್ಡರಸ್ತೆಗಳಿಗೆ ಇಳಿಯಲೇ ಇಲ್ಲ.

ನಿವಾಸಿ: ಜನ ದುಡ್ಡಿಗೆ ಹಿಂದೆಗೆದರು ಎನ್ನೋಣವೆ?

ಎಂಜಿನಿಯರ್: ಹಾಗನ್ನುವುದು ಜನರಿಗೆ ಮಾಡುವ ಅನ್ಯಾಯ. ಆಗ ನಗರದಲ್ಲಿ ಚುನಾಯಿತ ಪಾಲಿಕೆಯೇ ಇರಲಿಲ್ಲ. 2015ರಲ್ಲಿ ಆರಿಸಿಬಂದ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಆಡಳಿತಾಧಿಕಾರಿ ಕುರ್ಚಿಯಲ್ಲಿದ್ದರು. ಮುಂದೆ ಐದು ವರ್ಷವೂ ಚುನಾವಣೆಯಿಲ್ಲ. ‘ನಮ್ಮ ಬೀದಿಗೆ ಇದು ಹೊಂದುವುದಿಲ್ಲ’ ಎಂದು ಹೇಳಿಕೊಳ್ಳಲು ಕಾರ್ಪೊರೇಟರ್ ಇಲ್ಲ, ಅವರ ಅಧ್ಯಕ್ಷತೆಯ ವಾರ್ಡ್ ಸಮಿತಿಯೂ ಇಲ್ಲ. ಪತ್ರಿಕೆಯಲ್ಲಿ ದರ ಓದಿದ ಗೃಹಸ್ಥರಿಗೆ ಹಣ ಎಲ್ಲಿಗೆ ಹೋಗುತ್ತದೆ, ಬದಲಿಗೆ ತಮ್ಮ ಬೀದಿಗೆ ಏನು ಬರುತ್ತದೆ ಎಂಬ ಎರಡು ಪ್ರಶ್ನೆಗೂ ಉತ್ತರ ಕೊಡುವವರು ಸಿಗಲಿಲ್ಲ. ಒಳ್ಳೆಯ ನೀತಿಗೂ ಅದನ್ನು ಹೊತ್ತು ಮನೆಬಾಗಿಲಿಗೆ ಬಂದು ಸಮಜಾಯಿಷಿ ಹೇಳುವವರು ಬೇಕು. ಸೋತದ್ದು ಆ ಕೊರತೆಯಿಂದ.

ನಿವಾಸಿ: ಬೇರೆ ದೇಶಗಳಲ್ಲಿ ಜನ ಇದನ್ನು ಹೇಗೆ ಒಪ್ಪಿಕೊಂಡರು?

ಎಂಜಿನಿಯರ್: ಜಗಳವಿಲ್ಲದೆ ಎಲ್ಲೂ ಒಪ್ಪಿಲ್ಲ. ಅಮೆರಿಕದಲ್ಲಿ ವಾಷಿಂಗ್ಟನ್ನಿನಿಂದ ಹೊಳೆಯಾಚೆಗಿರುವ ಆರ್ಲಿಂಗ್ಟನ್ ಕೌಂಟಿಯಲ್ಲಿ ಒಂದು ಕಚೇರಿ ಸಮುಚ್ಚಯದ ಪಕ್ಕದ ಬಡಾವಣೆಗೆ ನಿತ್ಯ ಹೊರಗಿನ ನೌಕರರ ಕಾರುಗಳು ಬಂದು ತುಂಬುತ್ತಿದ್ದವು. ಕೌಂಟಿ ಆಡಳಿತ ಕೆಲಸದ ದಿನಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಪರವಾನಗಿ ಇದ್ದವರಷ್ಟೇ ಅಲ್ಲಿ ನಿಲ್ಲಿಸಬಹುದು ಎಂದಿತು. ನಿವಾಸಿಗಳಿಗೆ, ಅವರ ಅತಿಥಿಗಳಿಗೆ, ಅವರ ಮನೆಗೆ ಕೆಲಸಕ್ಕೆ ಬರುವವರಿಗೆ ಪರವಾನಗಿ. ಸಾರ್ವಜನಿಕ ರಸ್ತೆಯಲ್ಲಿ ಊರಿನವರು, ಪರಊರಿನವರು ಎಂಬ ಭೇದ ಸಮಾನತೆಗೆ ವಿರುದ್ಧ ಎಂದು ವರ್ಜೀನಿಯದ ನ್ಯಾಯಾಲಯ ಅದನ್ನು ಹೊಡೆದುಹಾಕಿತು. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು: ವಸತಿ ಬೀದಿಯ ಗದ್ದಲ, ಹೊಗೆ, ವಾಹನ ದಟ್ಟಣೆ ತಗ್ಗಿಸಲು ಇಂಥ ಭೇದ ಮಾಡಬಹುದು. ಬೆಂಗಳೂರಿನಲ್ಲಿ ಮೆಟ್ರೊ ನಿಲ್ದಾಣ, ಆಸ್ಪತ್ರೆ, ಕಲ್ಯಾಣ ಮಂಟಪಗಳ ಸುತ್ತಲಿನ ಅಡ್ಡರಸ್ತೆಗಳ ಕಷ್ಟ ಇದೇ ಜಾತಿಯದು. ಲಂಡನ್ನಿನ ಕಥೆ ನಮಗೆ ಇನ್ನೂ ಹತ್ತಿರ. ಅಲ್ಲಿನ ಬಾರ್ನೆಟ್ ಎಂಬ ಸ್ಥಳೀಯ ಆಡಳಿತ ನಿವಾಸಿಗಳ ವಾರ್ಷಿಕ ಪರವಾನಗಿಯನ್ನು 40 ಪೌಂಡಿನಿಂದ 100ಕ್ಕೆ, ಅತಿಥಿಗಳ ಚೀಟಿಯನ್ನು 1 ಪೌಂಡಿನಿಂದ 4ಕ್ಕೆ ಏರಿಸಿತು. ನಿವಾಸಿಯೊಬ್ಬರು ಕೋರ್ಟಿಗೆ ಹೋದರು. 2013ರಲ್ಲಿ ಹೈಕೋರ್ಟ್ ಆ ಏರಿಕೆಯನ್ನು ರದ್ದು ಮಾಡಿತು. ನಿಲುಗಡೆ ಕಾನೂನು ಇರುವುದು ಸಂಚಾರ ನಿರ್ವಹಣೆಗೆ. ಬೊಕ್ಕಸ ತುಂಬಿಸಿಕೊಳ್ಳುವ ಉದ್ದೇಶಕ್ಕೆ ಅದನ್ನು ಬಳಸುವಂತಿಲ್ಲ ಎಂಬುದು ಕಾರಣ.

ನಿವಾಸಿ: ಅಂಥ ಕಟ್ಟುಪಾಡು ಇಲ್ಲಿಯೂ ಇದ್ದಿದ್ದರೆ ಅರ್ಧ ಜನರ ಅನುಮಾನ ತೀರುತ್ತಿತ್ತು.

ಎಂಜಿನಿಯರ್: ಹೌದು. ಶುಲ್ಕದ ಹಣ ಬಂದ ಬೀದಿಗೇ ಮರಳಬೇಕು. ಅಮೆರಿಕದ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ಉಚಿತ ನಿಲುಗಡೆಯ ನಿಜವಾದ ಬೆಲೆಯ ಬಗ್ಗೆ 2005ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಅವರು ಮತ್ತೆ ಮತ್ತೆ ಹೇಳುತ್ತಿದ್ದ ಉದಾಹರಣೆ ಕ್ಯಾಲಿಫೋರ್ನಿಯದ ಪ್ಯಾಸಡೀನ. ಅಲ್ಲಿನ ಹಳೇ ಪೇಟೆಯಲ್ಲಿ 1993ರಲ್ಲಿ ಮೀಟರ್ ಹಾಕುವಾಗ ವ್ಯಾಪಾರಿಗಳು ವಿರೋಧಿಸಿದ್ದರು. ಮೀಟರಿನ ಹಣವನ್ನು ಅದೇ ಪೇಟೆಯ ಫುಟ್‌ಪಾತ್, ದೀಪ, ಮರ, ಸ್ವಚ್ಛತೆಗೆ ಹಾಕುತ್ತೇವೆ ಎಂದ ಮೇಲೆ ಒಪ್ಪಿದರು. ನಮ್ಮ ಅಡ್ಡರಸ್ತೆಯ ಲೆಕ್ಕಕ್ಕೆ ಬನ್ನಿ. ಇಪ್ಪತ್ತು ಕಾರು, ಸರಾಸರಿ ಮೂರು ಸಾವಿರ ಎಂದರೆ ವರ್ಷಕ್ಕೆ ಅರವತ್ತು ಸಾವಿರ. ದೊಡ್ಡ ಮೊತ್ತವಲ್ಲ. ಆದರೆ ಚರಂಡಿಯ ಮುರಿದ ಕಲ್ಲುಚಪ್ಪಡಿಗಳನ್ನು ಬದಲಿಸಲು, ಗೆರೆ ಬಳಿಯಲು ಸಾಕು. ಆ ಚಪ್ಪಡಿ ಸರಿಯಾದರೆ ಕಾರಿಲ್ಲದ ಮನೆಯ ಅಜ್ಜಿ ಬಸ್ ನಿಲ್ದಾಣಕ್ಕೆ ರಸ್ತೆಯ ನಡುವೆ ನಡೆಯಬೇಕಾಗಿಲ್ಲ. ಕಾರಿಲ್ಲದವರ ಪಾಲು ಇದು. ಅವರ ಹೆಸರು ಈ ಚರ್ಚೆಯಲ್ಲಿ ಬರುವುದೇ ಇಲ್ಲ. ರಸ್ತೆ ಅವರದೂ ಹೌದು.

ನಿವಾಸಿ: ಕಾರು ಕೊಳ್ಳುವಾಗಲೇ ‘ನಿಲ್ಲಿಸಲು ಜಾಗವಿದೆಯೆ’ ಎಂದು ಕೇಳಿದರೆ ಈ ತಾಪತ್ರಯವೇ ಇರದು ಎನ್ನುವವರಿದ್ದಾರೆ. ಜಪಾನಿನಲ್ಲಿ ಹಾಗಂತೆ.

ಎಂಜಿನಿಯರ್: ಜಪಾನ್ 1962ರಲ್ಲೇ ಆ ಕಾನೂನು ಮಾಡಿತು. ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಜಾಗ ತೋರಿಸಿ, ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ಪಡೆಯಬೇಕು. ರಾತ್ರಿ ರಸ್ತೆಯ ಒಂದೇ ಜಾಗದಲ್ಲಿ ಎಂಟು ಗಂಟೆ ನಿಲ್ಲಿಸುವಂತಿಲ್ಲ. ಆದರೆ ಕಾರುಗಳು ಹೆಚ್ಚುವ ಮೊದಲೇ ಅವರು ಆರಂಭಿಸಿದರು. ಇಲ್ಲಿ ವಾಹನಗಳು ಬಂದು ಬೀದಿಯಲ್ಲಿ ನಿಂತಾಗಿದೆ. ಇನ್ನು ಮುಂದೆ ಕೊಳ್ಳುವವರಿಗೆ ಮಾತ್ರ ನಿಯಮ ಹಾಕಿದರೆ, ಮೊದಲೇ ಕೊಂಡವರು ಬೀದಿಯ ಖಾಯಂ ಒಕ್ಕಲಾಗುತ್ತಾರೆ. ಜೊತೆಗೆ ಜಾಗವಿದೆ ಎಂಬ ಸುಳ್ಳು ಕರಾರುಪತ್ರಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸುವ ಸಿಬ್ಬಂದಿ ಬೇಕು. ದೆಹಲಿ ಬೇರೆ ದಾರಿ ಹಿಡಿಯಿತು. 2019ರಲ್ಲಿ ನಿಲುಗಡೆ ಸ್ಥಳಗಳ ನಿರ್ವಹಣೆಗೆಂದೇ ನಿಯಮಾವಳಿ ಮಾಡಿ, ಪ್ರದೇಶವಾರು ಯೋಜನೆಯನ್ನು ಲಜಪತ್ ನಗರದಲ್ಲಿ ಪ್ರಯೋಗಕ್ಕೆ ಇಟ್ಟಿತು. ಒಂದು ಬಡಾವಣೆಯಿಂದ ತೊಡಗುವುದು ಕಲಿಯಬೇಕಾದ ಸಂಗತಿ.

ನಿವಾಸಿ: ಪರವಾನಗಿ ಯಾರಿಗೆ ಮೊದಲು? ಮನೆ ಮಾಲೀಕರಿಗೋ, ಬಾಡಿಗೆದಾರರಿಗೋ?

ಎಂಜಿನಿಯರ್: ಈ ಪ್ರಶ್ನೆಯಲ್ಲಿ ಪಾಲಿಕೆ ಎಡವಿದರೆ ಉಳಿದೆಲ್ಲ ವ್ಯರ್ಥ. ಪರವಾನಗಿ ಮನೆಗೆ ಕೊಡಬೇಕು, ಮಾಲೀಕತ್ವಕ್ಕಲ್ಲ. ಮೂರು ಸಂಸಾರವಿರುವ ಕಟ್ಟಡದಲ್ಲಿ ಮಾಲೀಕರು ಎರಡು ಕಾರನ್ನು ಬೀದಿಗೆ ನಿಲ್ಲಿಸಿ, ಬಾಡಿಗೆದಾರರಿಗೆ ‘ಗಾಡಿ ಇದ್ದರೆ ಮನೆ ಇಲ್ಲ’ ಎನ್ನುವುದನ್ನು ಕೇಳಿದ್ದೀರಿ. ಇನ್ನು ಹಳದಿ ಬೋರ್ಡಿನ ಕ್ಯಾಬ್ ಓಡಿಸುವವರು, ಆಟೊದವರು. ಸಾಲ ಮಾಡಿ ಗಾಡಿ ಕೊಂಡು, ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುವವರು. ರಾತ್ರಿ ಹನ್ನೊಂದಕ್ಕೆ ಬಂದು ಬೆಳಗಿನ ಜಾವ ನಾಲ್ಕಕ್ಕೆ ವಿಮಾನ ನಿಲ್ದಾಣದ ಬಾಡಿಗೆಗೆ ಹೊರಡುತ್ತಾರೆ. ಅವರ ಗಾಡಿ ಬೀದಿಯಲ್ಲಿರುವುದು ಐದೇ ಗಂಟೆ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಲು ತೆಗೆಯುವ, ಉಳಿದ ಆರು ದಿನ ಹೊದಿಕೆ ಹೊದ್ದು ನಿಲ್ಲುವ ಎರಡನೆಯ ಕಾರಿಗಿಂತ ಅವರ ಗಾಡಿಯ ಹಕ್ಕು ದೊಡ್ಡದು. ಮೊದಲ ಕಾರಿಗೆ ಕಡಿಮೆ ಶುಲ್ಕ, ಎರಡನೆಯದಕ್ಕೆ ಹಲವು ಪಟ್ಟು, ಒಳಗೆ ಜಾಗವಿದ್ದೂ ಅಂಗಡಿ ಮಾಡಿದವರಿಗೆ ಇಲ್ಲವೇ ಇಲ್ಲ, ದುಡಿಮೆಯ ಗಾಡಿಗೆ ಕಡಿಮೆ ದರದ ರಾತ್ರಿ ಪರವಾನಗಿ: ಹೀಗೆ ಶ್ರೇಣಿ ಮಾಡುವುದು ನ್ಯಾಯ. ಅರ್ಜಿಗಳು ಜಾಗಕ್ಕಿಂತ ಹೆಚ್ಚಾದರೆ ಎಲ್ಲರೆದುರು ಚೀಟಿ ಎತ್ತುವುದು ಒಳ್ಳೆಯದು. ಅಲ್ಲಿ ಶಿಫಾರಸು ನಡೆಯುವುದಿಲ್ಲ.

ನಿವಾಸಿ: ಜಾರಿ ಮಾಡುವವರು ಮತ್ತೆ ಟೋಯಿಂಗ್ ಗಾಡಿಯವರೇ?

ಎಂಜಿನಿಯರ್: ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಹತ್ತು ಗಂಟೆಗೂ ಮೀರಿ ವಾರಸುದಾರರಿಲ್ಲದಂತೆ ಬಿಟ್ಟ ಅಥವಾ ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ಎತ್ತಿಸಲು, ಚಕ್ರಕ್ಕೆ ಬೀಗ ಹಾಕಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರ ಕೊಡುತ್ತದೆ. ಬೆಂಗಳೂರಿನಲ್ಲಿ ಖಾಸಗಿ ಗುತ್ತಿಗೆಯ ಟೋಯಿಂಗ್ ಜನರ ಆಕ್ರೋಶಕ್ಕೆ ಗುರಿಯಾಗಿ 2022ರ ಆರಂಭದಲ್ಲಿ ನಿಂತುಹೋಯಿತು. ಎತ್ತಿದ ಗಾಡಿಯ ಲೆಕ್ಕಕ್ಕೆ ಹಣ ಕೊಡುವ ಗುತ್ತಿಗೆಯಲ್ಲಿ ಅತಿರೇಕ ಆಗಿಯೇ ತೀರುತ್ತದೆ. ಅಡ್ಡರಸ್ತೆಗೆ ಅಂಥ ದೊಡ್ಡ ಯಂತ್ರ ಬೇಡ. ನೆಲದ ಮೇಲೆ ಬಿಳಿ ಗೆರೆ, ಗಾಜಿನ ಮೇಲೆ ಪರವಾನಗಿ ಚೀಟಿ, ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ದಂಡ. ಹೂಕುಂಡ, ಕಲ್ಲು, ಸರಪಳಿಗಳನ್ನು ಮಾತ್ರ ಮೊದಲ ದಿನವೇ ಎತ್ತಿಸಬೇಕು. ಅವು ಇರುವವರೆಗೆ ಗೆರೆಗೆ ಬೆಲೆಯಿಲ್ಲ.

ನಿವಾಸಿ: ಕೆಲಸ ಎಲ್ಲಿಂದ ಶುರುವಾಗಬೇಕು?

ಎಂಜಿನಿಯರ್: ಎಣಿಕೆಯಿಂದ. ರಾತ್ರಿ ಎರಡು ಗಂಟೆಗೆ ಬೀದಿಯಲ್ಲಿ ನಿಂತ ವಾಹನ ನಿವಾಸಿಗಳದು, ಬೆಳಿಗ್ಗೆ ಹನ್ನೊಂದಕ್ಕೆ ನಿಂತದ್ದರಲ್ಲಿ ಹೆಚ್ಚಿನದು ಹೊರಗಿನವರದು. ಎರಡೂ ಹೊತ್ತು ಎಣಿಸಿದರೆ ಯಾವ ಬೀದಿಗೆ ಯಾವ ನಿಯಮ ಎಂಬುದು ಅರ್ಧ ತಿಳಿಯುತ್ತದೆ. ಆ ಎಣಿಕೆ, ರಸ್ತೆಯ ಅಗಲ, ಕರಡು ನಿಯಮ, ದರ ಇಷ್ಟನ್ನೂ ಕನ್ನಡದಲ್ಲಿ ಮುದ್ರಿಸಿ ಬೀದಿಯ ತುದಿಯಲ್ಲಿ ಅಂಟಿಸಬೇಕು. ವಾರ್ಡ್ ಸಮಿತಿಯ ಸಭೆಯಲ್ಲಿ ಬಾಡಿಗೆದಾರರನ್ನೂ ಕೂರಿಸಿಕೊಂಡು ಚರ್ಚಿಸಬೇಕು. ಆಮೇಲೆ ಪಾಲಿಕೆಯ ನಿರ್ಣಯ, ಅದರ ಮೇಲೆ ಪೊಲೀಸರ ಅಧಿಸೂಚನೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದವು. ಪ್ರತಿ ಪಾಲಿಕೆಯೂ ಒಂದೊಂದು ವಾರ್ಡಿನಲ್ಲಿ, ಒಂದು ವರ್ಷದ ಮಟ್ಟಿಗೆ ಇದನ್ನು ಮಾಡಿ ನೋಡಬಹುದು. ಪರವಾನಗಿಗೂ ಅಷ್ಟೇ ಅವಧಿ ಇರಲಿ. ವರ್ಷ ತುಂಬಿದ ಮೇಲೆ ಅದೇ ಎರಡು ಹೊತ್ತು ಮತ್ತೆ ಎಣಿಸಿ, ಬಂದ ಹಣ ಮತ್ತು ಆದ ಖರ್ಚನ್ನು ಅದೇ ಬೀದಿಯ ತುದಿಯಲ್ಲಿ ಅಂಟಿಸಿ, ನಿಯಮವನ್ನು ಉಳಿಸಬೇಕೋ ಬದಲಿಸಬೇಕೋ ಎಂದು ಸಭೆಯನ್ನು ಕೇಳಬೇಕು.